ಒಂದು ಗೇಣು ಜಾಸ್ತಿ

ಟೈಲರಮ್ಮ ಆಟದ ಸಾಮಾನಿನ ಅಂಗಡಿಯ ಮೆಟ್ಟಿಲು ಹತ್ತಿದಳು. ಬಂದದ್ದು ಒಂದು ಸ್ಕಿಪ್ಪಿಂಗ್ ಹಗ್ಗ ಕೊಳ್ಳುವುದಕ್ಕೆ. ಮುಖ ನೋಡಿದರೆ ಪೊಲೀಸರಿಗೆ ಹೇಳಿಕೆ ಕೊಡಲು ಬಂದವಳಂತಿತ್ತು. ನಿಜವಾಗಿ ಮಗಳೇ ಬರಬೇಕಿತ್ತು. "ನಿನಗೆ ಕ್ಲಾಸಿಗೆ ಹೊತ್ತಾಗುತ್ತೆ, ನಾನೇ ತರ್ತೀನಿ. ನಿನ್ನ ಅಳತೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದು ಮುಂದೆ ಬಿದ್ದು ಹೊರಟವಳು ಇವಳು. ಇಪ್ಪತ್ತೆರಡು ವರ್ಷ ಬೀದಿಯ ಅರ್ಧ ಜನರ ತೋಳು, ಭುಜ, ಸೊಂಟ ಅಳೆದವಳ ಜೊತೆ ಅಳತೆಯ ವಿಷಯದಲ್ಲಿ ವಾದ ಮಾಡುವುದು ಯಾರಿಗೂ ಆಗದ ಕೆಲಸ. "ಸ್ಪೀಡ್ ರೋಪ್ ಅಂತ ಕೇಳಮ್ಮ. ತೆಳ್ಳಗೆ ತಂತಿ ಇರುತ್ತೆ, ಹಿಡಿಯೊಳಗೆ ಬೇರಿಂಗ್ ಇರುತ್ತೆ" ಎಂದು ಮಗಳು ಎರಡೆರಡು ಸಲ ಹೇಳಿ ಕಳಿಸಿದ್ದಳು.

ಮಗಳಿಗೆ ಹತ್ತೊಂಬತ್ತು. ಮನೆಯಲ್ಲಿ ಕರೆಯುವುದು ಮಿಡತೆ ಎಂದು. ನಡೆಯುವುದಕ್ಕೆ ಮೊದಲು ಹಾರಲು ಕಲಿತಳೆಂದು ಅವಳಪ್ಪ ಇಟ್ಟ ಹೆಸರು. ಈಗ ಆ ಮಿಡತೆಗೆ ಅಗ್ನಿಶಾಮಕ ದಳ ಸೇರುವ ಹುಚ್ಚು ಹತ್ತಿತ್ತು. ಇನ್ನು ಹದಿನೈದು ದಿನಕ್ಕೆ ದೈಹಿಕ ಪರೀಕ್ಷೆ. ಓಟ, ಏಣಿ, ಮರಳಿನ ಮೂಟೆ ಯಾವುದಕ್ಕೂ ಅವಳು ಹೆದರುತ್ತಿರಲಿಲ್ಲ. ಒಂದು ನಿಮಿಷಕ್ಕೆ ನೂರೈವತ್ತು ಸಲ ಹಗ್ಗ ಹಾರುವುದೊಂದೇ ಕೈಕೊಡುತ್ತಿತ್ತು. ಹಳೆಯ ನೂಲಿನ ಹಗ್ಗದಲ್ಲಿ ನೂರಹತ್ತು ದಾಟುತ್ತಿರಲಿಲ್ಲ.

ಹೋದ ವಾರ ಹಾರಿ ಮುಗಿಸಿದವಳು ಗೋಡೆಗೊರಗಿ ನಿಂತು, "ಎದೆ ಒಂಥರಾ ಹೊಡ್ಕೊಳ್ತಿದೆ ಕಣಮ್ಮ, ನಡುನಡುವೆ ಒಂದೊಂದು ಏಟು ಬಿಟ್ಟು" ಎಂದು ನಕ್ಕಿದ್ದಳು. ತಾಯಿ ನಗಲಿಲ್ಲ. ಅವತ್ತಿನಿಂದ ಅನ್ನ ಸೇರುತ್ತಿಲ್ಲ.

ಸೇರದಿರಲು ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ ಇವಳ ಗಂಡ ಬಟ್ಟೆಯ ಗಂಟು ಹೊತ್ತು ತಮ್ಮ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದವನು ನಾಲ್ಕನೆಯ ಮೆಟ್ಟಿಲಲ್ಲಿ ಕುಸಿದು ಕೂತ. ಮತ್ತೆ ಏಳಲಿಲ್ಲ. ಮೂವತ್ತಾರು ವಯಸ್ಸು. ಹೃದಯದ ಗೋಡೆ ಹುಟ್ಟಿನಿಂದಲೇ ದಪ್ಪವಾಗುತ್ತ ಬರುವ ಕಾಯಿಲೆ ಎಂದರು ಡಾಕ್ಟರು. "ಇದು ಮಕ್ಕಳಿಗೂ ಬರಬಹುದು. ಮಗೂನ ಒಂದ್ಸಲ ಕರ್ಕೊಂಡು ಬನ್ನಿ, ವರ್ಷಕ್ಕೊಂದ್ಸಲ ತೋರಿಸ್ತಾ ಇರಿ" ಎಂದೂ ಹೇಳಿದರು. ಇವಳು ತಲೆಯಾಡಿಸಿದಳು. ಎಂಟು ವರ್ಷದ ಮಗಳಿಗೆ ಮಾತ್ರ ಅಪ್ಪ ಕಾಲು ಜಾರಿ ಬಿದ್ದರು, ತಲೆಗೆ ಪೆಟ್ಟಾಯಿತು ಎಂದಳು. ಒಮ್ಮೆ ಮಗುವಿನ ಕೈ ಹಿಡಿದು ಆಸ್ಪತ್ರೆಯ ಗೇಟಿನವರೆಗೂ ಹೋದದ್ದುಂಟು. ಗೇಟಿನ ಎದುರು ಕಾಲು ಏಳಲಿಲ್ಲ. ಒಳಗೆ ಹೋದರೆ ತಾನೇ ಅವರು ಹೇಳುವುದು? ಹೇಳದಿದ್ದರೆ ಇಲ್ಲ. ಹೀಗೊಂದು ಲೆಕ್ಕ ಹಾಕಿಕೊಂಡು ಮಗುವಿಗೆ ಹೊಸ ಚಪ್ಪಲಿ ಕೊಡಿಸಿ ವಾಪಸು ಬಂದಳು. ದಡ್ಡಿಯೇನಲ್ಲ ಇವಳು. ಹೆದರಿಕೆ ಬುದ್ಧಿವಂತರನ್ನೂ ಎಂತೆಂಥ ಲೆಕ್ಕಕ್ಕೆ ಹಚ್ಚುತ್ತದೆ ಎನ್ನುವುದಕ್ಕೆ ಇವಳನ್ನು ನೋಡಬೇಕು.

ಅಂಗಡಿಯಾತ ಒಂದು ಕಾಲು ಎಳೆದು ನಡೆಯುವ ಹಳೆಯ ಓಟಗಾರ, ಬಾಯಿ ಮಾತ್ರ ಇನ್ನೂ ಓಡುತ್ತಿತ್ತು. ಹತ್ತೊಂಬತ್ತರ ಮಗಳಿಗೆ ಸ್ಪೀಡ್ ರೋಪ್ ಬೇಕೆಂದು ಇವಳು ಕೇಳಿದ್ದಕ್ಕೆ ಮೂರು ಹಗ್ಗ ತಂದು ಗಾಜಿನ ಮೇಲೆ ಹರಡಿದ. ಒಂದು ಬಣ್ಣದ ಮಣಿ ಪೋಣಿಸಿದ್ದು, ಮಕ್ಕಳದು. ಇನ್ನೊಂದು ಹೆಬ್ಬೆರಳು ದಪ್ಪದ ಕರಿಯ ರಬ್ಬರಿನದು. ಮೂರನೆಯದನ್ನು ಎತ್ತಿ ಹಿಡಿದಾಗ ಅದು ಕಣ್ಣಿಗೇ ಬೀಳಲಿಲ್ಲ, ಅಷ್ಟು ಸಣ್ಣ ತಂತಿ.

"ಇದೇ ನೋಡಿ ಮೇಡಂ, ಸ್ಪೀಡ್ ರೋಪ್. ತೋಳು ಆಡಿಸೋದೇ ಬೇಡ, ಮಣಿಕಟ್ಟು ತಿರುಗಿಸಿದ್ರೆ ಸಾಕು" ಎಂದು ಹಿಡಿಯನ್ನು ಹೀಗೆ ತಿರುಗಿಸಿದ. ಸುಯ್ ಸುಯ್ ಎಂಬ ಸದ್ದಾಯಿತು. "ನಡುವೆ ಒಂದು ಪಾದ ಇಟ್ಟು ನಿಂತ್ರೆ ಹಿಡಿ ಎದೆ ಹತ್ರ ಬರಬೇಕು, ಅಷ್ಟೇ ಉದ್ದ. ಜಾಸ್ತಿ ಆದ್ರೆ ಕತ್ತರಿಸಿಬಿಡಬೇಕು. ಎಷ್ಟು ಎತ್ತರ ನಿಮ್ಮ ಮಗಳು?"

ಆ ಸುಯ್ಯೆನ್ನುವ ಸದ್ದು ಕೇಳಿ ಟೈಲರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಿಮಿಷಕ್ಕೆ ನೂರೈವತ್ತು ಎಂದರೆ ಅಷ್ಟು ಸಲ ಆ ಎದೆ ಎಗರಬೇಕು, ಅಷ್ಟು ಸಲ ಅದು ಏಟು ತಪ್ಪಬಹುದು. ಅವಳ ಕಣ್ಣು ಕರಿಯ ರಬ್ಬರಿನ ಹಗ್ಗದ ಮೇಲೆ ನಿಂತಿತು. ಹೊಲಿಗೆ ಕಲಿಯಲು ಬರುವ ಹುಡುಗಿಯರು ಮಿಷಿನ್ನನ್ನು ಕುದುರೆ ಓಡಿಸಿದ ಹಾಗೆ ಓಡಿಸಿ ಸೂಜಿ ಮುರಿಯುತ್ತಿದ್ದಾಗ ಇವಳು ಬೆಲ್ಟ್ ಬಿಗಿ ಮಾಡಿಬಿಡುತ್ತಿದ್ದಳು. ಚಕ್ರ ಭಾರವಾದರೆ ಓಟ ತಗ್ಗುತ್ತದೆ, ಸೂಜಿ ಉಳಿಯುತ್ತದೆ. ಹಗ್ಗವೂ ಭಾರವಾದರೆ ಅಷ್ಟೇ ತಾನೇ? ಮಿಡತೆ ನಿಧಾನವಾಗುತ್ತಾಳೆ, ನೂರೈವತ್ತು ಆಗುವುದಿಲ್ಲ, ಪರೀಕ್ಷೆಯಲ್ಲಿ ಫೇಲಾಗುತ್ತಾಳೆ. ಫೇಲಾದರೆ ಎರಡು ದಿನ ಅಳುತ್ತಾಳೆ, ಆಮೇಲೆ ಯಾವುದಾದರೂ ಆಫೀಸಿನ ಕುರ್ಚಿಯಲ್ಲಿ ಕೂತು ಎಪ್ಪತ್ತು ವರ್ಷ ಬದುಕುತ್ತಾಳೆ.

"ಇದನ್ನೇ ಕೊಡಿ" ಎಂದು ಕರಿಯದನ್ನು ಮುಟ್ಟಿದಳು. "ಉದ್ದ ನೀವು ಹೇಳಿದ್ದಕ್ಕಿಂತ ಒಂದು ಗೇಣು ಜಾಸ್ತಿನೇ ಇರಲಿ."

"ಜಾಸ್ತಿ ಯಾಕೆ ಮೇಡಂ?"

"ಬೆಳೆಯೋ ಮಕ್ಕಳು" ಎಂದಳು, ಬಾಯಿಗೆ ಬಂದ ಕಸುಬಿನ ಮಾತು.

"ಹತ್ತೊಂಬತ್ತಕ್ಕೆ ಇನ್ನೇನು ಬೆಳೀತಾರೆ! ಕೇಳಿ ಇಲ್ಲಿ, ಇದು ಬಾಕ್ಸಿಂಗ್‌ನೋರು ತಗೊಳ್ಳೋದು, ಇದರಲ್ಲಿ ಹಾರಿದ್ರೆ..."

"ಕಟ್ಟಿಕೊಡಿ" ಎಂದು ಅವನ ಮಾತು ಮುಗಿಯಲು ಬಿಡದೆ ದುಡ್ಡು ಗಾಜಿನ ಮೇಲಿಟ್ಟಳು. ದಾರಿಯಲ್ಲಿ ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಹೆದರಿಕೆ ಸ್ವಲ್ಪ ಇಳಿದಂತೆಯೂ ಆಯಿತು.

ಸಂಜೆ ಮಿಡತೆ ಪೊಟ್ಟಣ ಬಿಚ್ಚಿ ಮುಖ ಸಣ್ಣ ಮಾಡಿದಳು. "ಇದು ಬೇರೆ ಹಗ್ಗ ಅಮ್ಮ. ಎಷ್ಟು ಭಾರ!"

"ಅಂಗಡಿಯವರೇ ಕೊಟ್ಟರು. ತೆಳ್ಳಗಿರೋದು ಖಾಲಿಯಂತೆ."

ಸುಳ್ಳು ಸಲೀಸಾಗಿ ಬಂತು. ಮಗಳು ನಿಟ್ಟುಸಿರು ಬಿಟ್ಟು, ಇದ್ದದ್ದರಲ್ಲೇ ಆಗಲಿ ಎಂದು ಹಿತ್ತಿಲ ಸಿಮೆಂಟಿನ ನೆಲದ ಮೇಲೆ ನಿಂತಳು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಣಿಸತೊಡಗಿದಳು. ನಿಧಾನವಾಗಿಯೇನೋ ಇತ್ತು. ಆದರೆ ಹಗ್ಗ ಉದ್ದವಾದ್ದರಿಂದ ಹುಡುಗಿ ಎರಡೂ ತೋಳನ್ನು ಅಗಲಕ್ಕೆ ಚಾಚಿ ಬೀಸಬೇಕಾಗಿತ್ತು. ದಪ್ಪ ರಬ್ಬರು ನೆಲಕ್ಕೆ ರಪ್ಪೆಂದು ಬಡಿದು ಮೇಲೆದ್ದಾಗ ಅದರಿಂದ ತಪ್ಪಿಸಿಕೊಳ್ಳಲು ಮಾಮೂಲಿಗಿಂತ ಎತ್ತರ ಎಗರಬೇಕಾಗಿತ್ತು. ಇಪ್ಪತ್ತಕ್ಕೆ ಬೆವರು ಇಳಿಯಿತು. ನಲವತ್ತಕ್ಕೆ ಉಸಿರಿನ ಸದ್ದು ಬಾಗಿಲವರೆಗೂ ಕೇಳಿಸಿತು. ನಿಲ್ಲಿಸುತ್ತಾಳೆ ಎಂದುಕೊಂಡರೆ ಹಟಮಾರಿ ಹಲ್ಲು ಕಚ್ಚಿ ಇನ್ನೂ ಜೋರಾಗಿ ಬೀಸಿದಳು.

ಆಗ ಟೈಲರಮ್ಮನ ತಲೆಗೆ ಹೊಳೆಯಿತು. ಬೆಲ್ಟ್ ಬಿಗಿ ಮಾಡಿದಾಗ ಸೂಜಿ ಉಳಿಯುತ್ತಿತ್ತು, ನಿಜ. ಆದರೆ ಪೆಡಲು ತುಳಿಯುವ ಕಾಲು? ಸಂಜೆ ಹೊತ್ತಿಗೆ ತೊಡೆ ಹಿಡಿದುಕೊಂಡು "ಅಕ್ಕಾ, ನೋವು" ಎಂದು ಮುಖ ಕಿವುಚುತ್ತಿದ್ದ ಹುಡುಗಿಯರು? ಇಲ್ಲಿ ತುಳಿಯುತ್ತಿರುವುದು ಆ ಎದೆಯೇ. ಭಾರವನ್ನೆಲ್ಲ ತಾನೇ ತಂದು ಅದರ ಮೇಲೆ ಹೇರಿದ್ದಳು.

"ಸಾಕು! ನಿಲ್ಸೇ!" ಎಂದು ಕಿರುಚಿದಳು.

ಅರವತ್ತೆಂಟಕ್ಕೆ ಹಗ್ಗ ಕಾಲಿಗೆ ತೊಡರಿತು. ಮಿಡತೆ ಅಲ್ಲೇ ಕುಸಿದು ಕೂತಳು, ಅಂಗೈ ಎದೆಯ ಮೇಲೆ. ಮುಖ ಬೂದಿಯ ಬಣ್ಣವಾಗಿತ್ತು. ಹನ್ನೊಂದು ವರ್ಷದ ಹಿಂದಿನ ನಾಲ್ಕನೆಯ ಮೆಟ್ಟಿಲು ಮತ್ತೆ ತಾಯಿಯ ಕಣ್ಣೆದುರಿಗೆ ಬಂತು. ಹೇಗೆ ಓಡಿದಳೋ, ಹೇಗೆ ಆ ತಲೆಯನ್ನು ಮಡಿಲಿಗೆ ಎಳೆದುಕೊಂಡಳೋ ಅವಳಿಗೇ ಗೊತ್ತಾಗಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಕೊನೆಗೆ ತುಟಿಗೆ ಬಣ್ಣ ಮರಳಿತು.

"ನಾನೇ ಬೇಕಂತ ತಂದೆ ಕಣೇ" ಎಂದಳು ತಾಯಿ. ಅಳು, ಮಾತು ಎರಡೂ ಒಟ್ಟಿಗೇ ನುಗ್ಗಿದವು. "ನೀನು ನಿಧಾನ ಆಗಲಿ ಅಂತ. ನಿಮ್ಮಪ್ಪ ಜಾರಿ ಬಿದ್ದು ಹೋಗಲಿಲ್ಲ. ಅವರ ಎದೆ..."

"ಗೊತ್ತು" ಎಂದಳು ಮಗಳು.

"ಯಾರು ಹೇಳಿದ್ದು?" ಎಂದಳು ತಾಯಿ.

"ಅತ್ತೆ ಹೇಳಿದ್ರು, ನಾಲ್ಕು ವರ್ಷ ಆಯ್ತು. ಮಕ್ಕಳಿಗೂ ಬರುತ್ತಂತೆ ಅಂತಾನೂ ಹೇಳಿದ್ರು. ನೀನು ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ಕಾದೆ. ನೀನು ಹೇಳಲಿಲ್ಲ. ಆಸ್ಪತ್ರೆಗೆ ಒಬ್ಬಳೇ ಹೋಗೋದಕ್ಕೆ ನನಗೂ ಭಯ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. "ಅದಕ್ಕೇ ಹಾರೋದು ಶುರು ಮಾಡಿದೆ. ಮೊದಲು ಐವತ್ತು ಹಾರಿದೆ, ಏನೂ ಆಗಲಿಲ್ಲ. ಆಮೇಲೆ ಎಂಬತ್ತು ಹಾರಿ ನೋಡಿದೆ. ನೂರೈವತ್ತು ಹಾರಿಯೂ ಉಳಿದ್ರೆ ನನಗೆ ಇಲ್ಲ ಅಂತ ತಾನೇ ಅರ್ಥ?"

ಎಂಥ ಲೆಕ್ಕ! ಸಾಕ್ಷಾತ್ ತನ್ನದೇ ಮಗಳು. ಒಂದೇ ಸೂರಿನ ಕೆಳಗೆ ಒಬ್ಬಳು ನೋಡದೆ ತಪ್ಪಿಸಿಕೊಳ್ಳಲು ಹೊರಟಿದ್ದರೆ ಇನ್ನೊಬ್ಬಳು ಪ್ರಾಣವನ್ನೇ ಒಡ್ಡಿ ನೋಡಲು ಹೊರಟಿದ್ದಳು.

ಮರುದಿನ ಹೊಲಿಗೆ ಅಂಗಡಿಯ ಬಾಗಿಲು ತೆರೆಯಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಗೇಟಿನ ಎದುರು ಇವಳ ಕಾಲು ಮತ್ತೆ ತಡವರಿಸಿತು. ಈ ಸಲ ಕೈ ಹಿಡಿದು ಎಳೆದವಳು ಮಗಳು.

ಡಾಕ್ಟರಮ್ಮ ಹುಡುಗಿಯ ಎದೆಗೆ ತಣ್ಣನೆಯ ಅಂಟು ಸವರಿ, ಯಂತ್ರದ ಹಿಡಿಯನ್ನು ಅತ್ತಿತ್ತ ಒತ್ತಿ, ಪರದೆಯನ್ನು ಬಹಳ ಹೊತ್ತು ನೋಡಿದರು. ಟೈಲರಮ್ಮನಿಗೆ ಪರದೆ ಅರ್ಥವಾಗದು. ಅವಳು ಡಾಕ್ಟರ ಹುಬ್ಬನ್ನೇ ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿತು.

"ಮನೇಲಿ ಯಾರಿಗಾದರೂ ಈ ತೊಂದರೆ ಇತ್ತಾ?"

"ಇವರಪ್ಪನಿಗೆ" ಎಂದಳು. ಹನ್ನೊಂದು ವರ್ಷದಲ್ಲಿ ಮಗಳು ಕೇಳುವಂತೆ ಹೊರಗಿನವರಿಗೆ ಈ ಮಾತು ಹೇಳಿದ್ದು ಇದೇ ಮೊದಲು.

"ಹಾಗಾದ್ರೆ ಇವಳಿಗೂ ಇದೆ. ಗೋಡೆ ದಪ್ಪ ಆಗಿದೆ. ಇನ್ನೆರಡು ಪರೀಕ್ಷೆ ಮಾಡಬೇಕು, ಮಾತ್ರೆ ಶುರು ಮಾಡೋಣ. ಓಟ, ಹಾರಾಟ ಇವತ್ತಿಗೇ ನಿಲ್ಲಬೇಕು." ಮಗಳ ಮುಖ ನೋಡಿ ದನಿ ತಗ್ಗಿಸಿದರು. "ಹೆದರ್ಕೋಬೇಡಮ್ಮ. ಹೇಳಿದ ಹಾಗೆ ಕೇಳಿದ್ರೆ ಚೆನ್ನಾಗಿ ಬದುಕ್ತೀಯ. ಇನ್ನೊಂದು ವಾರ ಹೀಗೇ ಹಾರಿದ್ದಿದ್ರೆ ನಾನು ಈ ಮಾತು ಹೇಳ್ತಿರಲಿಲ್ಲ."

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಮಿಡತೆ ಚೀಟಿಯನ್ನು ಓದಿದಳು, ಮಡಚಿದಳು, ಮತ್ತೆ ಬಿಚ್ಚಿದಳು.

"ಚಿಕ್ಕೋಳಿದ್ದಾಗಲೇ ತೋರಿಸಿದ್ದಿದ್ರೆ ನಾನು ಆ ಕೆಲಸಕ್ಕೆ ಆಸೆನೇ ಪಡ್ತಿರಲಿಲ್ಲ."

"ಹೌದು" ಎಂದಳು ತಾಯಿ. ಬೇರೆ ಯಾವ ಸಬೂಬೂ ಹೇಳಲಿಲ್ಲ.

"ನಿನ್ನ ಮೇಲೆ ತುಂಬಾ ಸಿಟ್ಟು ಬರ್ತಿದೆ. ಸಿಟ್ಟು ಮಾಡ್ಕೊಂಡ್ರೆ ಎದೆಗೆ ಏನಾದ್ರೂ ಆಗುತ್ತಾ?"

ತಾಯಿ ಗಾಬರಿಯಲ್ಲಿ ಎದ್ದು ಒಳಗೆ ಹೋದಳು. ಮುಂದಿನ ರೋಗಿ ಆಗಲೇ ಮಲಗಿದ್ದ. ಅವನೆದುರೇ ಡಾಕ್ಟರನ್ನು ಕೇಳಿ ಹೊರಗೆ ಬಂದಳು.

"ಬೈಬಹುದಂತೆ" ಎಂದಳು. "ನಡೆಯೋದು ಮಾತ್ರ ನಿಧಾನ ಇರಬೇಕಂತೆ."

ಮನೆಯವರೆಗೂ ನಿಧಾನವಾಗಿ ನಡೆದರು. ದಾರಿಯುದ್ದಕ್ಕೂ ಮಗಳು ಬೈದಳು. ತಾಯಿ ಒಂದು ಮಾತೂ ತಪ್ಪಿಹೋಗದ ಹಾಗೆ ಕೇಳಿಸಿಕೊಂಡಳು.