ಲೇತ್ ನಿಂತರೂ ಏಳದ ಮಗು

ಗಿಲಕಿಯ ಹೊಟ್ಟೆಯೊಳಗೆ ಒಂದು ಚಿಟಿಕೆ ಕಾಳು ಹಾಕಬೇಕು. ಮುಚ್ಚಳದ ಅಂಚಿಗೆ ಅಂಟು ಸವರಬೇಕು. ಒತ್ತಿ ಹಿಡಿದು, ಒಣಗಲು ಮೊರದಲ್ಲಿ ಸಾಲಾಗಿ ಇಡಬೇಕು. ಬೆಳಿಗ್ಗೆಯಿಂದ ಇದನ್ನೇ ಮಾಡುತ್ತಿದ್ದೆ, ತುಟಿ ಬಿಚ್ಚದೆ. ಬಿಚ್ಚಿದರೂ ಪ್ರಯೋಜನವಿಲ್ಲ. ಪಕ್ಕದಲ್ಲೇ ಮಾವನವರ ಲೇತ್, ಮರ ಕಡೆಯುವ ಯಂತ್ರ, ಓಡುತ್ತಿರುತ್ತದೆ. ಅದು ಓಡುವಷ್ಟು ಹೊತ್ತೂ ನಮ್ಮ ಮನೆಯಲ್ಲಿ ಎಲ್ಲರದೂ ಕೈಮಾತು. ಮಾವ ಹೆಬ್ಬೆರಳು ಬಾಯಿಗೆ ತೋರಿಸಿದರೆ ಕಾಫಿ ಬೇಕು ಅಂತ. ಅತ್ತೆ ಅಂಗೈ ಮಗುಚಿದರೆ ಮುದ್ದೆ ಆಯಿತು, ಏಳಿ ಅಂತ. ಚನ್ನಪಟ್ಟಣದ ಸುತ್ತ ಗೊಂಬೆ ಕೆಲಸ ಮಾಡುವ ಮನೆಗಳಲ್ಲಿ ಇದು ಮಾಮೂಲಿ.

ನನ್ನ ತಲೆಯ ಮೇಲೆ, ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ನನ್ನ ಮಗಳು ಮಾನ್ಯ ಮಲಗಿದ್ದಳು. ಆಗ ಅವಳಿಗೆ ನಾಲ್ಕು ತಿಂಗಳು ತುಂಬಿತ್ತು.

ಎಲ್ಲದರಲ್ಲೂ ಚುರುಕು ನಮ್ಮ ಹುಡುಗಿ. ಎರಡನೇ ತಿಂಗಳಿಗೇ ಮುಖ ನೋಡಿ ನಕ್ಕಳು. ಮೂರಕ್ಕೆ ಕತ್ತು ನಿಂತಿತು. ಮೊನ್ನೆ ಮೊನ್ನೆ ಬೋರಲು ಬಿದ್ದಳು, ಆ ಖುಷಿಗೆ ಅತ್ತೆ ಒಬ್ಬಟ್ಟು ಮಾಡಿ ಬೀದಿಗೆಲ್ಲ ಹಂಚಿದರು. ಕೆಂಪು ಗಿಲಕಿ ತೋರಿಸಿದರೆ ಕಣ್ಣರಳಿಸಿ ಕೈ ಚಾಚುತ್ತಾಳೆ, ಸಿಕ್ಕರೆ ನೇರ ಬಾಯಿಗೆ. ಆದರೆ ಬೀದಿಯಲ್ಲಿ ಅವಳಿಗೆ ಹೆಸರು ಬಂದದ್ದು ಅವಳ ನಿದ್ದೆಯಿಂದ.

"ನಮ್ ಕೂಸು ಲೇತ್ ಪಕ್ಕದಾಗೇ ಮಲಗ್ತದೆ ಕಣ್ರಪ್ಪ," ಅಂತ ಮಾವ ಮಂಚಯ್ಯ ಬಂದವರಿಗೆಲ್ಲ ಹೇಳುವರು. "ಹೊಟ್ಟೇಲಿದ್ದಾಗ್ಲೇ ಸದ್ದು ಅಭ್ಯಾಸ ಆಗ್ಬುಟ್ಟೈತೆ. ಗೊಂಬೆ ಮಾಡೋರ ಮನೆ ರಕ್ತ ಅಂದ್ರೆ ಸುಮ್ಕೇನಾ?"

ಬಸುರಿಯಾಗಿದ್ದಾಗ ನಾನು ಇದೇ ಜಾಗದಲ್ಲಿ ಕೂತು ಗಿಲಕಿ ಮುಚ್ಚುತ್ತಿದ್ದೆ. ಹಾಗಾಗಿ ಇರಬಹುದು ಅಂದುಕೊಂಡಿದ್ದೆ.

ಅವತ್ತು ಮಧ್ಯಾಹ್ನ ಕರೆಂಟ್ ಹೋಯಿತು. ಲೇತ್ ಗೊರ್ ಎಂದು ಇಳಿದು ನಿಂತಿತು. ಬೀದಿಯ ಲೇತುಗಳೆಲ್ಲ ನಿಂತವು. ಅದೇ ಗಳಿಗೆಗೆ ಗೋಡೆಯಾಚೆ ಮುಕ್ತಿಯಾರಣ್ಣನ ಮಗು ಕಿಟಾರನೆ ಚೀರಿತು. ಅವರದೂ ಲೇತ್ ಮನೆ. ಆ ಮಗುವಿಗೂ ಮಾನ್ಯಳ ವಯಸ್ಸೇ.

ಮುಕ್ತಿಯಾರಣ್ಣ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಮ್ಮ ಜಗುಲಿಗೆ ಬಂದರು.

"ನೋಡಿ ಮಂಚಣ್ಣಾ ಇವನ್ ಕಥೆ! ಲೇತ್ ಓಡ್ವಾಗ ಸಾಹೇಬ್ರು ಹಾಯಾಗಿ ಮಲಗ್ತಾರೆ. ನಿಂತ್ರೆ ಸಾಕು, ಎದ್ದು ಪಂಚಾಯ್ತಿ ಶುರು. ನಮ್ ದೊಡ್ಡವ್ನೂ ಹಿಂಗೇ ಇದ್ದ. ಕರೆಂಟ್ ಹೋಯ್ತು ಅಂತ ನಮ್ಮನೇಲಿ ಮಕ್ಳೇ ಹೇಳ್ಬುಡ್ತವೆ."

"ನಮ್ಮೋಳು ಓಡಿದ್ರೂ ಏಳಾಕಿಲ್ಲ, ನಿಂತ್ರೂ ಏಳಾಕಿಲ್ಲ. ಮಾರಾಣಿ ಕಣಯ್ಯ!" ಅಂದರು ಮಾವ.

ಎಲ್ಲರೂ ನಕ್ಕರು. ನನ್ನ ಕೈಯಲ್ಲಿದ್ದ ಮುಚ್ಚಳ ಮಾತ್ರ ಕೈಯಲ್ಲೇ ಉಳಿಯಿತು.

ಅಭ್ಯಾಸವಾದ ಸದ್ದು ನಿಂತರೆ ಯಾರಿಗಾದರೂ ಎಚ್ಚರವಾಗುತ್ತದೆ. ಸೆಕೆಯಿಲ್ಲದ ದಿನವೂ ಫ್ಯಾನ್ ನಿಂತರೆ ನಾವು ಕಣ್ಣು ಬಿಡುವುದಿಲ್ಲವೇ? ಮಾನ್ಯಳಿಗೆ ಸದ್ದು ಅಭ್ಯಾಸವಾಗಿದ್ದರೆ ಅದು ನಿಂತಾಗ ಅವಳು ಏಳಬೇಕಿತ್ತು. ಸದ್ದು ಇತ್ತು ಅನ್ನುವುದೇ ಅವಳಿಗೆ ಗೊತ್ತಿಲ್ಲದಿದ್ದರೆ?

ಅವತ್ತಿನಿಂದ ಅವಳನ್ನೇ ನೋಡುತ್ತಿದ್ದೆ. ಅಡುಗೆಮನೆಯಲ್ಲಿ ತಪ್ಪಲೆ ಬಿತ್ತು, ಬೆಚ್ಚಲಿಲ್ಲ. ಹಿಂದೆ ನಿಂತು "ಮಾನ್ಯಾ" ಅಂದೆ, ತಿರುಗಲಿಲ್ಲ. ಮುಂದೆ ಬಂದು ಮುಖ ತೋರಿಸಿದೆ, ಬಾಯಿತುಂಬ ನಗು.

ಬಿಡದಿಯ ಫ್ಯಾಕ್ಟರಿಯಿಂದ ಮನೆಯವರು ಕನಕರಾಜು ಶಿಫ್ಟ್ ಮುಗಿಸಿ ಬಂದಾಗ ಹೇಳಿದೆ. ಅವರೂ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿದರು. ಮುಖ ಸಣ್ಣದಾಯಿತು.

"ಅಪ್ಪಂಗೆ ಹೇಳ್ಬೇಕು."

"ನೀವೇ ಹೇಳಿ."

"ನೀನ್ ನೋಡಿದ್ದಲ್ವಾ? ನೀನೇ ಹೇಳು."

ಇಬ್ಬರೂ ಹೇಳಲಿಲ್ಲ. ಆ ವಾರ, ಲೇತ್ ನಿಂತಿದ್ದ ಹೊತ್ತಿನಲ್ಲಿ, ಆಶಾ ಕಾರ್ಯಕರ್ತೆ ಭಾನಕ್ಕ ಮಗುವನ್ನು ನೋಡಲು ಬಂದರು. ಬಾಗಿಲಲ್ಲೇ ಅವರ ಕೈ ಹಿಡಿದು, ಅತ್ತೆಗೆ ಕೇಳದ ಹಾಗೆ ಹೇಳಿದೆ. ಭಾನಕ್ಕನದು ದೊಡ್ಡ ಗಂಟಲು.

"ಏನು, ಕರುದ್ರೆ ತಿರುಗಾಕಿಲ್ವಾ?"

ಇಡೀ ಮನೆಗೆ ಕೇಳಿತು. ಅತ್ತೆ ಪುಟ್ಟಗೌರಮ್ಮ ಸೆರಗು ಕೊಡವಿಕೊಂಡು ಬಂದರು.

"ಬಂಗಾರದಂಗಿರೋ ಕೂಸಿಗೆ ಇಲ್ಲದ್ ಹೆಸರು ಕಟ್ಬ್ಯಾಡಿ. ಅವ್ವನೇ ದಿನಕ್ಕೆ ನಾಕು ಮಾತಾಡಾಕಿಲ್ಲ. ಮಗಳೂ ಹಂಗೇ, ಸುಮ್ಕಿರೋ ಕೂಸು."

"ಸುಮ್ಕಿರೋದು ಬೇರೆ, ಕೇಳ್ದೆ ಇರೋದು ಬೇರೆ ಪುಟ್ಟಗೌರಮ್ಮೋರೆ."

"ಆಗ್ಲಿಂದ ಊಂ ಊಂ ಅಂತ ಉಲೀತೈತಲ್ಲ, ಅದೇನು? ಕೇಳ್ದೆ ಇರೋ ಕೂಸು ಉಲೀತದಾ?"

"ಉಲೀತದೆ. ಮೊದ್ಲ ತಿಂಗಳುಗಳಲ್ಲಿ ಕೇಳ್ದೆ ಇರೋ ಮಕ್ಳೂ ಉಲೀತವೆ, ನಗ್ತವೆ, ಕೈಕಾಲು ಆಡುಸ್ತವೆ. ಆಮೇಲಾಮೇಲೆ ತನ್ ದನಿ ತನಗೇ ಕೇಳ್ದೆ ಸುಮ್ಕಾಗ್ತವೆ. ನಾವು ಮೋಸ ಹೋಗೋದೇ ಇಲ್ಲಿ. ಹುಟ್ಟಿದಾಗ ಕಿವಿ ಪರೀಕ್ಷೆ ಮಾಡುಸ್ಲಿಲ್ವಾ?"

"ಆಸ್ಪತ್ರೆಯೋರು ಕರ್ಕಂಡ್ ಬನ್ನಿ ಅಂದಿದ್ರು. ಹಸಿ ಬಾಣಂತೀನ, ಎಳೇ ಕೂಸ್ನ ಗಾಳೀಗೆ ತತ್ತಾರೇನವ್ವ? ನಾನೇ ಬ್ಯಾಡ ಅಂದೆ." ಅತ್ತೆಯ ದನಿ ಒಸಿ ಇಳಿಯಿತು. "ಕಿವೀಲಿ ಗುಗ್ಗೆ ಕಟ್ಟಿರ್ತದೆ, ಅಷ್ಟೇ. ಒಂದ್ ತೊಟ್ಟು ಬಿಸಿ ಎಣ್ಣೆ ಬುಟ್ರೆ ಸರಿಹೋಯ್ತದೆ."

"ಅಯ್ಯೋ, ಬ್ಯಾಡಿ! ಕಿವೀಗೆ ಎಣ್ಣೆ ಬುಡಬ್ಯಾಡಿ, ಹಾಲು ಬುಡಬ್ಯಾಡಿ, ಕಡ್ಡೀನೂ ಹಾಕ್ಬ್ಯಾಡಿ. ಇರೋದೂ ಹಾಳಾಯ್ತದೆ."

ಅಷ್ಟರಲ್ಲಿ ಮಾವ ಲೇತ್ ಬಿಟ್ಟೆದ್ದು, ಮೈಮೇಲಿನ ಮರದ ಪುಡಿ ಕೊಡವುತ್ತಾ ಬಂದರು.

"ಪರೀಕ್ಷೆ ತಾನೇ? ಗಿಲಕಿ ಮಾಡೋನ ಮನೇಲಿ ಅದಕ್ಕೇನ್ ಬರ! ಈಗ್ಲೇ ಮಾಡ್ತೀನಿ, ಇಲ್ಲೇ ಮಾಡ್ತೀನಿ."

ಜಗುಲಿ ತುಂಬಿತು. ಮುಕ್ತಿಯಾರಣ್ಣ ಮಗನನ್ನು ಎತ್ತಿಕೊಂಡೇ ಬಂದರು. ನಾನು ಮಾನ್ಯಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಭಾನಕ್ಕ ನಿಯಮ ಹೇಳಿದರು: ಗಿಲಕಿ ಅಲ್ಲಾಡಿಸುವವರು ಮಗುವಿಗೆ ಕಾಣಬಾರದು, ಮುಟ್ಟಬಾರದು, ಗಾಳಿ ತಾಕಬಾರದು, ನೆಲ ಕುಟ್ಟಬಾರದು. ಸದ್ದು ಮಾತ್ರ ಹೋಗಬೇಕು.

ಮೊದಲು ಮುಕ್ತಿಯಾರಣ್ಣನ ಮಗನ ಹಿಂದೆ ಮಾವ ಅಲ್ಲಾಡಿಸಿದರು. ಅವನು ಥಟ್ಟನೆ ತಿರುಗಿ ಗಿಲಕಿಗೇ ಕೈ ಹಾಕಿದ. ಆಮೇಲೆ ಮಾವ ನನ್ನ ಬೆನ್ನ ಹಿಂದೆ ಬಂದರು. ಗಿಲಕಿ ಗಲಗಲ ಅಂದಿತು. ಮಾನ್ಯ ಕತ್ತು ಹೊರಳಿಸಿದಳು!

"ನೋಡುದ್ರಾ! ನಾನ್ ಏನಂದಿದ್ದೆ?" ಮಾವ ಕುಣಿಯುವುದೊಂದು ಬಾಕಿ. ಅತ್ತೆ ನನ್ನ ಕಡೆ ನೋಡಿದ ನೋಟದಲ್ಲಿ ಒಂದು ವಾರದ ಬೈಗುಳವಿತ್ತು.

ನನಗೂ ಕುಣಿಯಬೇಕು ಅನ್ನಿಸುತ್ತಿತ್ತು. ಆದರೆ ನಾನು ನೆಲ ನೋಡುತ್ತಿದ್ದೆ. ಇಳಿಬಿಸಿಲು ನಮ್ಮ ಬೆನ್ನಿಗಿತ್ತು. ಮಾವ ಕೈ ಎತ್ತಿದಾಗ ಅದರ ನೆರಳು ಮಾನ್ಯಳ ಮುಂದೆ ಹರಿದಾಡಿತ್ತು. ಅವಳ ಕಣ್ಣು ಹೋದದ್ದು ಅದರ ಹಿಂದೆ.

ಮಾವನೆದುರು ನಾನು ಹೆಚ್ಚು ಮಾತಾಡಿದವಳಲ್ಲ. ಆದರೂ ಬಾಯಿಬಿಟ್ಟೆ.

"ಮಾವಾ... ನೆರಳು."

"ಏನಂದೆ?"

"ನಿಮ್ ಕೈ ನೆರಳು ಮುಂದಕ್ಕೆ ಬಿತ್ತು. ಅದನ್ನ ನೋಡಿ ತಿರುಗಿದ್ಲು."

ಮಾವ ಬಗ್ಗಿ ನೆಲ ನೋಡಿದರು. ಕೊನೆಗೆ ಮುಕ್ತಿಯಾರಣ್ಣ, "ಒಳಗೆ ಮಾಡಿ ಮಂಚಣ್ಣ, ನಡುಮನೇಲಿ. ಗೆದ್ರೆ ನಮ್ಮನೆ ಬಿರಿಯಾನಿ," ಅಂದರು.

ಒಳಗೆ ನೆರಳಿರಲಿಲ್ಲ. ಮಾವ ಅಲ್ಲಾಡಿಸಿದರು. ಮಾನ್ಯ ನನ್ನ ಸೆರಗಿನ ಅಂಚು ಚೀಪುತ್ತಿದ್ದಳು. ಇನ್ನೊಮ್ಮೆ ಅಲ್ಲಾಡಿಸಿದರು. ಲೇತ್ ಕೋಣೆಗೆ ಹೋಗಿ ದೊಡ್ಡ ಗಿಲಕಿ ತಂದರು. ಅದಕ್ಕಿಂತ ದೊಡ್ಡದನ್ನು ತಂದರು. ಮಾನ್ಯಳಿಗೆ ಸೆರಗೇ ಚೆನ್ನಾಗಿತ್ತು.

ಮಾವ ಆ ಗಿಲಕಿಯನ್ನು ತಮ್ಮ ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿಕೊಂಡರು, ಅದರೊಳಗೆ ಕಾಳು ಇದೆಯೋ ಇಲ್ಲವೋ ಅನ್ನುವ ಹಾಗೆ. ಆಮೇಲೆ ಮೆಲ್ಲಗೆ ಕೆಳಗಿಟ್ಟರು.

"ಭಾನವ್ವ, ಆಸ್ಪತ್ರೆಗೆ ಯಾವತ್ತು ಹೋಗ್ಬೇಕು?"

ಚನ್ನಪಟ್ಟಣದ ಆಸ್ಪತ್ರೆಯಲ್ಲಿ ನೋಡಿ ಮೈಸೂರಿನ ಕಿವಿ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಮನೆಯವರು ರಜೆ ಹಾಕಿದರು. ಅತ್ತೆ ಬುತ್ತಿ ಕಟ್ಟಿಕೊಂಡರು. ಬೆಳಗಿನ ಟ್ರೈನಿಗೆ ಮನೆ ಮಂದಿಯೆಲ್ಲ ಹೊರಟೆವು, ಮದುವೆಗೆ ಹೊರಟವರ ಹಾಗೆ.

ಮಗು ನಿದ್ದೆ ಮಾಡುವಾಗ ತಲೆಗೆ ಸಣ್ಣ ವೈರು ಅಂಟಿಸಿ ಕಿವಿ ಪರೀಕ್ಷೆ ಮಾಡುತ್ತಾರಂತೆ. ಸೂಜಿಯಿಲ್ಲ, ನೋವಿಲ್ಲ. "ನಿದ್ದೆ ತಾನೇ? ಅದ್ರಲ್ಲಿ ನಮ್ಮೋಳು ಪಾಸು ಬುಡಿ," ಅಂದರು ಅತ್ತೆ. ಲೇತ್ ಪಕ್ಕ ಮಲಗುವ ಮಾರಾಣಿ ಅವತ್ತು ಮಲಗಲೇ ಇಲ್ಲ! ನಾನು ತಟ್ಟಿದೆ, ಅವರಪ್ಪ ತೂಗಿದರು, ಅತ್ತೆ ಮುದ್ದು ಮಾಡಿದರು, ರೇಗಿದರು. ಕೊನೆಗೆ, ಗೊಂಬೆಗೆ ಹಚ್ಚುವ ಅರಗಿನ ವಾಸನೆಯ ತಾತನ ಅಂಗಿಗೆ ಮೂಗು ಒತ್ತಿಕೊಂಡು ಕಣ್ಣು ಮುಚ್ಚಿದಳು.

ಪರೀಕ್ಷೆ ಮಾಡಿದ ಮೇಡಂ ನಮ್ಮನ್ನು ಕೂರಿಸಿ ಹೇಳಿದರು. "ಎರಡೂ ಕಿವಿ ಬಹಳ ಮಂದ ಇದೆ. ಪೂರ್ತಿ ಇಲ್ಲ ಅಂತಲ್ಲ. ಕಿವಿಗೆ ಕೇಳಿಸೋ ಮಿಷನ್ ಹಾಕಿದ್ರೆ ನಿಮ್ಮ ಮಾತು ಅವಳಿಗೆ ಮುಟ್ಟಬಹುದು. ಇಷ್ಟು ಬೇಗ ಬಂದಿದ್ದೇ ಒಳ್ಳೇದಾಯ್ತು. ಮಾತು ಬಂದಿಲ್ಲ ಅಂತ ಎರಡು, ಮೂರು ವರ್ಷ ಆದ್ಮೇಲೆ ಬರೋರೇ ಜಾಸ್ತಿ. ಮಾತು ಕಲಿಯೋ ಕಾಲ ಅಷ್ಟೊತ್ತಿಗೆ ತುಂಬ ಜಾರಿಹೋಗಿರುತ್ತೆ."

"ನನ್ ಲೇತಿಂದ ಹಿಂಗಾಯ್ತಾ ತಾಯಿ?" ಮಾವ ಕೇಳಿದರು.

"ಯಾಕಾಯ್ತು ಅಂತ ಎಷ್ಟೋ ಸಲ ಗೊತ್ತಾಗಲ್ಲ. ಯಾರನ್ನೂ ದೂರಬೇಡಿ. ಆದ್ರೆ ಇನ್ಮೇಲೆ ಯಾವ ಮಗೂನೂ ಲೇತ್ ಪಕ್ಕ ಮಲಗಿಸಬೇಡಿ. ಚೆನ್ನಾಗಿರೋ ಕಿವೀನೂ ಕೆಡುತ್ತೆ."

ಟ್ರೈನಿನಲ್ಲಿ ಅತ್ತೆ ಮುಖ ಊದಿಸಿಕೊಂಡು ಕೂತಿದ್ದರು. "ಹೆಣ್ ಕೂಸು. ಕಿವೀಗೆ ಮಿಷನ್ ಹಾಕ್ಕಂಡು ಓಡಾಡುದ್ರೆ ಜನ ಏನಂದಾರು?"

"ಅಂದ್ಕಳ್ಲಿ ಬುಡು," ಅಂದರು ಮಾವ. "ಅವ್ರು ಅನ್ನೋದು ಇವ್ಳಿಗೆ ಕೇಳುಸ್ಲಿ ಅಂತ ತಾನೇ ಇಷ್ಟೆಲ್ಲ ಒದ್ದಾಡ್ತಿರೋದು?"

ಎದುರು ಕೂತಿದ್ದವರೂ ನಕ್ಕುಬಿಟ್ಟರು. ಅತ್ತೆ ಮಾತ್ರ ಮಂಡ್ಯ ದಾಟುವವರೆಗೂ ನಗಲಿಲ್ಲ.

ಕಿವಿಯ ಅಚ್ಚು ತೆಗೆಸಿ ಮಿಷನ್ ಹೊಂದಿಸಿಕೊಳ್ಳಲು ಮತ್ತೆರಡು ಸಲ ಮೈಸೂರಿಗೆ ಹೋಗಿಬಂದೆವು. ಆರು ತಿಂಗಳು ತುಂಬುವ ಮೊದಲೇ ಮಾನ್ಯಳ ಕಿವಿಗೆ ಮಿಷನ್ ಬಂತು, ಹುಣಸೆಬೀಜದಷ್ಟು ಚಿಕ್ಕದು. ಅದನ್ನು ಹಾಕುವ ದಿನ ಮಾವ ಹೊಸ ಗಿಲಕಿಯೊಂದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರು. ಮೊಮ್ಮಗಳು ಮೊದಲು ಕೇಳುವ ಸದ್ದು ತಮ್ಮ ಗಿಲಕಿಯದೇ ಆಗಬೇಕು ಅಂತ ಅವರ ಆಸೆ. ಮೇಡಂ ಮಿಷನ್ ಆನ್ ಮಾಡಿದರು. ಮಾವ ಜೇಬಿಗೆ ಕೈ ಹಾಕಿದರು. ಗಿಲಕಿ ಜೇಬಿನ ದಾರಕ್ಕೆ ಸಿಕ್ಕಿಕೊಂಡಿತು.

"ಬೇಗ ತೆಗೀರಿ ಅತ್ಲಾಗೆ! ಇದಕ್ಕೂ ಮೀನಮೇಷ ಎಣಿಸ್ತಾ ಕೂತ್ಕತೀರಲ್ಲ!" ಹಿಂದೆ ನಿಂತಿದ್ದ ಅತ್ತೆ ಗದರಿದರು.

ಮಾನ್ಯ ಚೀಪುತ್ತಿದ್ದ ಬೆರಳನ್ನು ಬಿಟ್ಟಳು. ಕಣ್ಣು ಅಗಲವಾಯಿತು. ಕತ್ತು ನಿಧಾನವಾಗಿ ಹಿಂದಕ್ಕೆ ಹೊರಳಿತು, ಅತ್ತೆಯ ಕಡೆಗೆ.

ಆ ಕೋಣೆಯಲ್ಲಿ ನೆರಳಿರಲಿಲ್ಲ. ನಾನು ನೋಡಿಕೊಂಡಿದ್ದೆ.

"ಅಯ್ಯೋ ಕಳ್ಳಿ! ನನ್ ಬೈಗುಳಾನೇ ಮೊದ್ಲು ಕೇಳುಸ್ಕಂಡ್ಯಾ?" ಅತ್ತೆ ನಗುತ್ತಾ ಅತ್ತರು, ಅಳುತ್ತಾ ಇನ್ನೂ ಒಂದಷ್ಟು ಬೈದರು. ಈಗ ಬೀದಿಯಲ್ಲಿ ಯಾರಾದರೂ ಮಿಷನ್ ವಿಷಯ ಎತ್ತಿದರೆ ಉತ್ತರ ಕೊಡುವವರು ಅವರೇ.

ಹೊರಡುವಾಗ ಮೇಡಂ ನನಗೊಂದು ಕೆಲಸ ಹೇಳಿದರು. "ಮಿಷನ್ ಅರ್ಧ ಮಾತ್ರ, ಉಳಿದರ್ಧ ನೀವು. ಎಚ್ಚರ ಇದ್ದಷ್ಟು ಹೊತ್ತೂ ಹತ್ತಿರ ಕೂತು ಮಾತಾಡಿಸಿ. ಅನ್ನ ಮಾಡ್ತಿದ್ರೆ ಅನ್ನ ಅನ್ನಿ, ನೀರು ಹುಯ್ತಿದ್ರೆ ನೀರು ಅನ್ನಿ. ಕೈಸನ್ನೆ ಒಂದೇ ಸಾಲದು, ಬಾಯಿಬಿಟ್ಟು ಹೇಳಿ. ಆಗ ಲೇತ್ ಸದ್ದು ಇರಬಾರದು."

ಕೈಮಾತಿನ ಮನೆಯಲ್ಲಿ, ಅದೂ ನನಗೆ, ಈ ಕೆಲಸ! ಆದರೂ ಮಾಡುತ್ತಿದ್ದೇನೆ. ಜೋಲಿ ಈಗ ಹಿತ್ತಲ ಕೋಣೆಯಲ್ಲಿದೆ. ಮುಕ್ತಿಯಾರಣ್ಣನೂ ಮಗನ ತೊಟ್ಟಿಲನ್ನು ಒಳಮನೆಗೆ ಸಾಗಿಸಿದ್ದಾರೆ.

ಅಕ್ಕಂದಿರೇ, ತಾಯಂದಿರೇ, ಅಜ್ಜಿ ತಾತಂದಿರೇ, ನಿಮ್ಮ ಮನೆಯಲ್ಲಿ ಎಳೆ ಮಗುವಿದ್ದರೆ ಹುಟ್ಟಿದಾಗಲೇ ಕಿವಿ ಪರೀಕ್ಷೆ ಮಾಡಿಸಿ. ಬಾಣಂತನ ಅಂತ ಮುಂದೆ ಹಾಕಬೇಡಿ. ಪಾತ್ರೆ ಬಿದ್ದಾಗ ಮಗು ಬೆಚ್ಚುತ್ತದಾ, ಅಳುವಾಗ ನಿಮ್ಮ ದನಿ ಕೇಳಿ ಸುಮ್ಮನಾಗುತ್ತದಾ ನೋಡಿ. ನಾಲ್ಕು, ಐದು ತಿಂಗಳಿಗೆ ಹಿಂದಿನಿಂದ ಕರೆದರೆ ತಿರುಗುತ್ತದಾ ನೋಡಿ. ಮನೆಯಲ್ಲಿ ತಿರುಗಿದ ಹಾಗೆ ಕಂಡರೂ ಅನುಮಾನವಿದ್ದರೆ ಆಸ್ಪತ್ರೆಗೇ ಹೋಗಿ, ನೆರಳು ನಮಗೆ ಮೋಸ ಮಾಡುತ್ತದೆ. ಎಲ್ಲಿಗೆ ಹೋಗಬೇಕು ಅಂತ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಗು ಸಾಧು, ಗದ್ದಲದಲ್ಲೂ ಮಲಗುತ್ತದೆ ಅಂತ ಹಿಗ್ಗುವ ಮೊದಲು ಒಂದು ಸಲ ಪರೀಕ್ಷೆ ಮಾಡಿಸಿ.

ಈಗ ಮಾನ್ಯ ಎದ್ದಿದ್ದಾಳೆ. ಮಿಷನ್ ಹಾಕಿ ಎತ್ತಿಕೊಂಡು ಬಂದು ಲೇತ್ ಕೋಣೆಯ ಬಾಗಿಲಾಚೆ, ದೂರದಲ್ಲೇ ನಿಂತಿದ್ದೇನೆ. ಮಾವ ಬೆನ್ನು ಹಾಕಿ ಕೂತು ಗಿಲಕಿಗೆ ಹಸಿರು ಬಣ್ಣ ಹಿಡಿಸುತ್ತಿದ್ದಾರೆ. ಮೊದಲಾಗಿದ್ದರೆ ಸುತ್ತಿಹೋಗಿ ಅವರೆದುರು ಕೈ ಆಡಿಸುತ್ತಿದ್ದೆ. ಈಗ ಬಾಯಿಬಿಟ್ಟೇ ಕರೆದೆ. ಲೇತ್ ಗರಗರ ಓಡುತ್ತಲೇ ಇದೆ. ಮಾನ್ಯ ನನ್ನ ತುಟಿಯನ್ನೇ ನೋಡುತ್ತಿದ್ದಾಳೆ. ಇನ್ನೂ ಒಸಿ ಜೋರಾಗಿ ಕರೆದೆ.

"ಮಾವಾ, ಲೇತ್ ನಿಲ್ಸಿ. ನಾನು ಮಾನ್ಯನ್ನ ಮಾತಾಡುಸ್ಬೇಕು."