ತಂತಿ ಎಳೆದ ಕೈ

"ಈ ಬ್ರಷ್ಷಲ್ಲಿ ಕೂದ್ಲಿಗಿಂತ ತೂತೇ ಜಾಸ್ತಿ. ಇದ್ರಲ್ಲಿ ಏನ್ ಉಜ್ಜಲಿ, ನನ್ ತಲೆನಾ?" ಎಂದು ಬೇಕರಿಯವನು ಎರಡು ಬ್ರಷ್ಷುಗಳನ್ನು ಬೆಂಚಿನ ಮೇಲೆ ಕುಕ್ಕಿ ಹೋದ.

ಬೆಂಚಿನಲ್ಲಿ ಕೂತು ಬ್ರಷ್ಷು ಕಟ್ಟುತ್ತಿದ್ದ ನಾಲ್ವರ ಕೈಯೂ ನಿಂತಿತು: ಅಪ್ಪ, ದೊಡ್ಡ ಮಗಳು, ಅವಳ ತಮ್ಮ, ತಮ್ಮನ ಹೆಂಡತಿ. ಬ್ರಷ್ಷುಗಳನ್ನು ಹೊತ್ತು ಮನೆಮನೆ ತಿರುಗಿದ್ದ ಅಜ್ಜ ಈ ಬೆಂಚು ಹಾಕಿದ ದಿನವೇ ಒಂದು ಮಾತು ಹೇಳಿದ್ದ. ವಾಪಸ್ ಬಂದ ಬ್ರಷ್ಷನ್ನು ಕಟ್ಟಿದವರು ಬೆಂಚು ಬಿಟ್ಟು ಏಳಬೇಕು, ಮತ್ತೆ ಕೂರುವಂತಿಲ್ಲ. ಅಪ್ಪ ಸ್ವಂತ ತಮ್ಮನನ್ನೇ ಹಾಗೆ ಎಬ್ಬಿಸಿದ್ದ. ಆ ಚಿಕ್ಕಪ್ಪ ಆಮೇಲೆ ಈ ಕಡೆ ತಲೆ ಹಾಕಲೇ ಇಲ್ಲ.

ಮಗಳಿಗೆ ಒಳಗೊಳಗೇ ಸಮಾಧಾನವಾಯಿತು. ಸಿಕ್ಕಿಬಿದ್ದಳಲ್ಲ, ಕಡೆಗೂ! ಎರಡು ತಿಂಗಳಿಂದ ಅವಳು ತಮ್ಮನ ಹೆಂಡತಿಯ ಮೇಲೆ ಕಣ್ಣಿಟ್ಟಿದ್ದಳು. ಎಲ್ಲರೂ ಊಟಕ್ಕೆ ಎದ್ದರೆ ಈ ಮಹಾತಾಯಿ ಮಾತ್ರ ಹಿಂದೆ ಉಳಿಯುತ್ತಿದ್ದಳು. ಒಮ್ಮೆ ಬಾಗಿಲ ಸಂದಿಯಿಂದ ನೋಡಿದರೆ, ಇಕ್ಕಳ ಹಿಡಿದು, ಬೆನ್ನಿನ ಹಲಗೆ ಬಡಿಯುವುದಷ್ಟೇ ಬಾಕಿಯಿದ್ದ ಬ್ರಷ್ಷುಗಳ ಪೆಟ್ಟಿಗೆಯ ಮುಂದೆ ಕೂತಿದ್ದಳು. ಕೇಳಿದ್ದಕ್ಕೆ, "ಸುಮ್ನೆ ನೋಡ್ತಿದ್ದೆ ಅಕ್ಕ" ಎಂದಿದ್ದಳು. ಸುಮ್ಮನೆ ನೋಡಲು ಇಕ್ಕಳ ಯಾಕೆ ಬೇಕು? ನನ್ನ ಬ್ರಷ್ಷುಗಳ ತಂತಿ ಸಡಿಲಿಸಿ, ನನ್ನನ್ನು ಎಬ್ಬಿಸಿ, ಗಂಡನನ್ನು ಅಪ್ಪನ ಪಕ್ಕಕ್ಕೆ ತರುವ ಹುನ್ನಾರ. ಮೂವತ್ತು ವರ್ಷ ಇದೇ ಬೆಂಚಿನಲ್ಲಿ ಸವೆದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಬಿಚ್ಚಿದರೆ ತಂತಿಯ ಮೇಲೆ ಅವಳ ಇಕ್ಕಳದ ಗುರುತು ಸಿಕ್ಕೇ ಸಿಗುತ್ತದೆ.

"ಬಿಚ್ಚು ನೋಡೋಣ. ಯಾರ ಕೈ ಅಂತ ತಂತೀನೇ ಹೇಳತ್ತೆ," ಎಂದ ಅಪ್ಪ.

"ಅಕ್ಕ, ಬೇಡ," ಎಂದಳು ತಮ್ಮನ ಹೆಂಡತಿ. ಅವಳ ಮುಖ ಬಿಳುಚಿಕೊಂಡಿತ್ತು.

"ಯಾಕಮ್ಮ, ಭಯವಾ?" ಮಗಳು ಉಳಿಯನ್ನು ತೂರಿಸಿ ಬ್ರಷ್ಷಿನ ಬೆನ್ನಿನ ಹಲಗೆಯನ್ನು ಕಿತ್ತಳು.

ಒಂದೊಂದು ತೂತಿನಲ್ಲೂ ಕೂದಲಿನ ಗೊಂಚಲನ್ನು ಬಿಗಿಯುವ ತಂತಿ ಬಲಬದಿಯಿಂದ ಎಡಕ್ಕೆ ಓಡಿತ್ತು. ಎಲ್ಲೂ ಬಿಗಿಯಿಲ್ಲ. ಇನ್ನೊಂದನ್ನೂ ಕಿತ್ತಳು. ಅದೂ ಹಾಗೆಯೇ. ಈ ಬೆಂಚಿನಲ್ಲಿ ಎಡಗೈಯಿಂದ ತಂತಿ ಎಳೆಯುವವನು ಅಪ್ಪ ಒಬ್ಬನೇ.

ಬೇಕರಿಯವನು ಇವನ್ನು ಒಯ್ದದ್ದು ಹೋದ ವಾರ. ಆ ವಾರವಿಡೀ ತಮ್ಮನ ಹೆಂಡತಿ ಜ್ವರದಿಂದ ಮಲಗಿದ್ದಳು. ಅಂದರೆ ಈ ಎರಡು ತಿಂಗಳು ಇವಳು ಊಟ ಬಿಟ್ಟು ಕೂತು ಅಪ್ಪನ ಬ್ರಷ್ಷುಗಳನ್ನು ಮತ್ತೆ ಬಿಗಿಯುತ್ತಿದ್ದಳು! ಮಗಳಿಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಯಾರದ್ದು?" ಎಂದ ಅಪ್ಪ. ತಂತಿಯನ್ನು ಅಷ್ಟು ದೂರದಿಂದ ಕಾಣುವಷ್ಟು ದೃಷ್ಟಿ ಅವನಿಗೆ ಉಳಿದಿರಲಿಲ್ಲ.

"ನಂದು ಮಾವ," ಎಂದು ತಮ್ಮನ ಹೆಂಡತಿ ಏಳಹೊರಟಳು.

ಮಗಳು ಅವಳ ಭುಜ ಒತ್ತಿ ಕೂರಿಸಿದಳು. "ಸುಳ್ಳು ಹೇಳ್ಬೇಡ. ಅಪ್ಪ, ಇದು ನಂದು."

ತಮ್ಮ ಬಾಯಿ ತೆರೆದವನು, ಅಕ್ಕನ ಮುಖ ನೋಡಿ ಮುಚ್ಚಿಕೊಂಡ.

"ನಿನ್ನಿಂದ ಇದನ್ನ ಅಂದ್ಕೊಂಡಿರ್ಲಿಲ್ಲ ಕಣೇ," ಎಂದ ಅಪ್ಪ. "ಏಳು."

ಅವಳು ಎದ್ದಳು. ಅವಳು ಅರ್ಧಕ್ಕೆ ಬಿಟ್ಟ ಬ್ರಷ್ಷನ್ನು ಅಪ್ಪ ತನ್ನ ಕಡೆಗೆ ಎಳೆದುಕೊಂಡು, ಅವಳು ಎಳೆದಿದ್ದ ತಂತಿಯನ್ನೆಲ್ಲ ಬಿಚ್ಚಿ, ಮೊದಲಿನಿಂದ ಎಳೆಯತೊಡಗಿದ.