ಒಂಟಿಕೋಡಿನ ಎತ್ತು

ಭಾಈ ಸೋಂಧಾ ಊರಿಗೆ ಬಂದು ಮೂರು ದಿನವಾದರೂ ತನ್ನನ್ನು ಕೇಳಲಿಲ್ಲವೆಂದು ಸುಖದೇಈಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಅವನು ಗೋಯಿಂದ್ವಾಲದ ಗುರುಮನೆಯ ಕಡೆಯ ಬರಹಗಾರ. ಬಾಬಾ ನಾನಕರ ಬಾಯಿಂದಲೇ ಪದ ಕೇಳಿದವರು ಒಬ್ಬೊಬ್ಬರಾಗಿ ಕಣ್ಮುಚ್ಚುತ್ತಿದ್ದಾರೆ, ಪದಗಳೂ ಅವರ ಜೊತೆಗೇ ಹೋಗಿಬಿಡುವ ಮುಂಚೆ ಹೊತ್ತಿಗೆಯಲ್ಲಿ ಬರೆದಿಡಬೇಕು ಎಂದು ಊರೂರು ಅಲೆಯುತ್ತಿದ್ದ. ಈ ಊರಿನಲ್ಲಿ ಬಾಬಾರ ಜೊತೆ ಅವರೇ ಕಟ್ಟಿದ ಕರ್ತಾರ್‌ಪುರದಲ್ಲಿ ಬಾಳಿದವಳೆಂದು ಉಳಿದದ್ದು ಸುಖದೇಈ ಒಬ್ಬಳೇ. ಆದರೂ ಅವನು ಮೊದಲು ಹೋದದ್ದು ಉದ್ದ ಗಡ್ಡದ ಗಂಡಸರ ಹತ್ತಿರ. ಅವರಲ್ಲಿ ಇಬ್ಬರು ಬಾಬಾರ ಕಾಲಕ್ಕೆ ಇನ್ನೂ ತೊಟ್ಟಿಲಲ್ಲಿದ್ದವರು.

ನಾಲ್ಕನೆಯ ದಿನ ಮಧ್ಯಾಹ್ನ ಅವನು ಅವಳ ಅಂಗಳಕ್ಕೆ ಬಂದಾಗ ಹತ್ತು ಹನ್ನೆರಡು ಹೆಂಗಸರು ಚರಕ ಹಾಕಿಕೊಂಡು ನೂಲುತ್ತಿದ್ದರು.

“ದಾರಿ ತಪ್ಪಿ ಬಂದ್ಯೇನಪ್ಪಾ?” ಎಂದಳು ಸುಖದೇಈ.

“ತಪ್ಪಾಯ್ತು ಬೇಬೇ,” ಎಂದ ಅವನು, ಹಿರಿಯ ತಾಯಿಯನ್ನು ಕರೆಯುವಂತೆ. “ನಿಮ್ಮ ಹತ್ರ ಬೇರೆ ಯಾರಿಗೂ ಗೊತ್ತಿಲ್ಲದ ಒಂದು ಪದ ಇದೆಯಂತೆ.”

“ಇದೆ. ಮೊದಲು ಮಜ್ಜಿಗೆ ಕುಡಿ. ಒಣಗಿದ ಗಂಟಲಿನವನ ಮುಂದೆ ನಾನು ಹಾಡೋಳಲ್ಲ.”

ಅವನು ಕುಡಿದ. ಸೊಸೆ ಜಸ್ಸೋ ಲೋಟ ಒಳಗಿಟ್ಟು ಬಂದಳು. ಸುಖದೇಈ ಕಣ್ಣು ಮುಚ್ಚಿದಳು. ಮುಚ್ಚಿದರೆ ಸಾಕು, ಕರ್ತಾರ್‌ಪುರ ಎದುರಿಗೆ ಬರುತ್ತಿತ್ತು. ರಾವಿ ನದಿಯ ಮೇಲಿಂದ ಬರುವ ತಣ್ಣನೆಯ ಗಾಳಿ, ನಸುಕಿನ ಹಾಡು, ಹಾಡು ಮುಗಿದ ಮೇಲೆ ಬಾಬಾ ಸಹ ಎಲ್ಲರಂತೆ ಹೊಲಕ್ಕಿಳಿಯುತ್ತಿದ್ದದ್ದು. ಮದುವೆಯಾಗಿ ಬಂದ ಮೊದಲ ದಿನ ಊಟದ ಸಾಲಿನಲ್ಲಿ ಅವಳ ಎಡಕ್ಕೆ ಕುಳಿತವಳು ಚರ್ಮ ಹದ ಮಾಡುವವರ ಮನೆಯ ಹೆಂಗಸು. ತುತ್ತು ಗಂಟಲಲ್ಲೇ ನಿಂತಿತ್ತು. ಆ ಹೆಂಗಸೇ ನೀರು ಕೊಟ್ಟು ಬೆನ್ನು ಸವರಿದಳು. ವರ್ಷ ತುಂಬುವುದರೊಳಗೆ ಅವಳ ಪಕ್ಕದ ಜಾಗಕ್ಕಾಗಿ ಸುಖದೇಈ ಜಗಳವಾಡುವಂತಾಗಿದ್ದಳು. 

ಅವಳು ಹಾಡಿದಳು.

ಸುತ್ತಿ ಸುತ್ತಿ ಸವೆದೆನು ನಾನು ಒಂಟಿಕೋಡಿನ ಎತ್ತು,
ಕಣ್ಣ ಕಟ್ಟು ಬಿಚ್ಚೋ ಒಡೆಯ, ನೀರು ಬಂದ ಹೊತ್ತು,
ನಾನಕ ಕೇಳಿದ, ಕುಡಿದವನ ಜಾತಿ ಬಾವಿಗೆಲ್ಲಿ ಗೊತ್ತು?

ಹೆಂಗಸರೆಲ್ಲ ದನಿಗೂಡಿಸಿದರು. ಅವರು ಅದನ್ನು ಅವಳಿಂದಲೇ ಕಲಿತವರು. ಸೋಂಧಾ ಲೇಖನಿಯನ್ನು ಮಸಿಗೆ ಅದ್ದಿದವನು ಹಾಗೇ ತಡೆದ.

“ಒಂಟಿಕೋಡಿನ ಎತ್ತು ಅಂದ್ರೇನು ಬೇಬೇ?”

“ಎತ್ತು ಕಂಡಿಲ್ವೇನೋ? ನಮ್ಮ ಭೂರಾ. ಹೋರಿ ಕಾಳಗದಲ್ಲಿ ಒಂದು ಕೊಂಬು ಮುರ್ಕೊಂಡಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಸ್ಕೊಂಡು ಸುತ್ತಿ ಸುತ್ತಿ ನಮ್ಮ ಬಾವಿಯ ನೀರೆತ್ತೋ ಚಕ್ರ ತಿರುಗಿಸ್ತಿದ್ದದ್ದೇ ಅದು.”

ಹೇಳಿ ಮುಗಿಸುವಷ್ಟರಲ್ಲಿ ಅವಳ ನಾಲಿಗೆ ತಡವರಿಸಿತು. ಬಾಬಾರ ಪದದಲ್ಲಿ ನಮ್ಮ ಮನೆಯ ಭೂರಾ ಹೇಗೆ ಬಂದ?

ಸೋಂಧಾನಿಗೆ ಆ ಅನುಮಾನ ಬರಲಿಲ್ಲ. ಅವನ ಮುಖ ಅರಳಿತ್ತು. “ಅದು ಹೊರಗಿನ ಅರ್ಥ ಬೇಬೇ. ಒಳಗಿನದು ಬೇರೆ. ಎತ್ತು ಅಂದ್ರೆ ಮನಸ್ಸು. ಒಂಟಿ ಕೋಡು ಅಂದ್ರೆ ಏಕನಿಷ್ಠೆ. ಒಡೆಯ ಒಬ್ಬನೇ ಅಂತ ಬಾಬಾ ಹೇಳಿದ್ದು ಇದನ್ನೇ ಅಲ್ವೇ? ಬರೀಲಾ?”

ತಲೆಯಾಡಿಸಿದ್ದರೆ ಆಗುತ್ತಿತ್ತು. ಆದರೆ ಸುಖದೇಈಯ ಕಿವಿಯಲ್ಲಿ ಈಗ ಆ ಹಾಡು ಮೊದಲ ಸಲ ಕೇಳಿದ ದನಿಯಲ್ಲೇ ಕೇಳುತ್ತಿತ್ತು. ಅದು ಬಾಬಾರ ದನಿಯಲ್ಲ. ಬಾವಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು, ಎತ್ತಿಗೆ ಕೇಳಿಸಲೆಂದೇ ಹಾಡುತ್ತಿದ್ದ ಗಂಡನ ಒಡಕು ದನಿ. ಬಾಬಾ ತಮ್ಮ ಪದಗಳ ಕೊನೆಗೆ ಹೆಸರಿಡುವ ಹಾಗೆ ಅವನೂ ಕೊನೆಯ ಸಾಲಿನಲ್ಲಿ ತನ್ನ ಹೆಸರಿಟ್ಟಿದ್ದ. ಹೊಸ ಸೊಸೆ ಗಂಡನ ಹೆಸರನ್ನು ಬಾಯಿಗೆ ತರುವುದುಂಟೇ? ಹಾಡಬೇಕೆಂಬ ಆಸೆ, ಆಡಬಾರದ ಹೆಸರು. ಆ ಜಾಗಕ್ಕೆ ಅವಳು ನಾನಕ ಎಂದು ಹಾಕಿಕೊಂಡಳು. ತಾಳಕ್ಕೂ ಸರಿಹೋಯಿತು. ಐವತ್ತು ವರ್ಷದಲ್ಲಿ ಹಾಕಿಕೊಂಡದ್ದು ತಾನೇ ಎಂಬುದೂ ಮರೆತುಹೋಯಿತು.

ಗಂಡ ಸತ್ತು ಹನ್ನೆರಡು ವರ್ಷ. ಅವನು ಹಾಡು ಕಟ್ಟುತ್ತಿದ್ದನೆಂದು ಸ್ವಂತ ಮಗನಿಗೂ ಗೊತ್ತಿರಲಿಲ್ಲ. ಈಗ ಸುಮ್ಮನಿದ್ದರೆ ಅವನ ಮೂರು ಸಾಲು ಬಾಬಾರ ಪದಗಳ ನಡುವೆ ಚಿರಕಾಲ ಇರುತ್ತವೆ, ಸಾವಿರಾರು ಜನ ಹಾಡುತ್ತಾರೆ. ಬಾಯಿ ಬಿಟ್ಟರೆ ಅವು ಈ ಅಂಗಳದಲ್ಲೇ ಮುಗಿಯುತ್ತವೆ. ಇದ್ದದ್ದು ಇದೊಂದೇ ಹಾಡು. ಸುಮ್ಮನಿರಲು ಅವಳಿಗೆ ತುಂಬ ಆಸೆಯಾಯಿತು.

“ಬರೀಬೇಡ,” ಎಂದಳು.

“ಯಾಕೆ ಬೇಬೇ?”

“ಮನಸ್ಸೂ ಅಲ್ಲ, ಏಕನಿಷ್ಠೆಯೂ ಅಲ್ಲ. ಅದು ಎತ್ತು. ಮೇವು ತಿಂದು ಸಗಣಿ ಹಾಕೋ ಎತ್ತು. ಬಾಬಾರ ಪದ ಅಲ್ಲ ಅದು. ನಮ್ಮ ಜಸ್ಸೋಳ ಮಾವ ಕಟ್ಟಿದ್ದು.”

ಚರಕಗಳು ನಿಂತವು. ಸೋಂಧಾ ಲೇಖನಿಯನ್ನು ಬಟ್ಟೆಗೆ ಒರೆಸಿದ. ಅವನ ಮುಖದಲ್ಲಿ ಮೂರು ದಿನದ ದಣಿವೆಲ್ಲ ಒಟ್ಟಿಗೆ ಕಾಣಿಸಿತು.

“ನಾನಕ ಅಂತ ಹಾಡಿದ್ರಲ್ಲ?”

“ಅವರ ಹೆಸರು ಹೇಳೋ ಹಾಗಿರಲಿಲ್ಲ, ಅದಕ್ಕೆ.”

“ಏನು ಅವರ ಹೆಸರು?”

ಸುಖದೇಈ ಸೊಸೆಯ ಕಡೆ ನೋಡಿದಳು. ಜಸ್ಸೋ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. “ನನ್ನನ್ಯಾಕೆ ನೋಡ್ತೀರಿ ಅತ್ತೆ? ಮಾವನ ಹೆಸರು ನಾನು ಹೇಳಕ್ಕಾಗತ್ತಾ?”

ಯಾರೋ ಕಿಸಕ್ಕೆಂದರು. ಸೋಂಧಾನೂ ನಕ್ಕ, ಆಮೇಲೆ ಹೊತ್ತಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟ. ಎದ್ದು ಹೋಗುತ್ತಾನೆಂದುಕೊಂಡರೆ ಹೋಗಲಿಲ್ಲ.

“ಬರಿಯೋದಿಲ್ಲ ಬೇಬೇ. ಕೇಳ್ತೀನಿ. ಅವರು ಹಾಡ್ತಿದ್ದ ಹಾಗೇ ಹಾಡಿ.”

ಅವಳು ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಹೆಂಗಸರು ಜೊತೆಗೂಡಿದರು. ಎತ್ತು ಸುತ್ತಿತು, ಕಣ್ಣಿನ ಕಟ್ಟು ಬಿಚ್ಚಿತು. ಕೊನೆಯ ಸಾಲಿಗೆ ಬರುತ್ತಲೇ ಅಷ್ಟೂ ಜನ, ಒಬ್ಬರಿಗೊಬ್ಬರು ಹೇಳಿಕೊಂಡವರಂತೆ, ದನಿ ನಿಲ್ಲಿಸಿ ಆ ಒಂದು ಜಾಗವನ್ನು ಅವಳಿಗೇ ಬಿಟ್ಟರು.

ಸುಖದೇಈ ಸೆರಗು ಹಿಡಿದುಕೊಂಡಳು. ಅರವತ್ತೈದು ವರ್ಷದ ಕೆನ್ನೆ ಬಿಸಿಯಾಯಿತು.

“ದಿತ್ತಾ,” ಎಂದು ಹಾಡಿದಳು.